ಬೆಳ್ಳಕ್ಕಿಯ ಮೇಲಿನ ಬಿರುಕು

ವರದಾ ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಆಶ್ರಮ ಎಂದು ಕರೆಯುತ್ತಿದ್ದವರು ಊರಿನವರು. ಅಲ್ಲಿ ಪೂಜೆಯಿಲ್ಲ, ಪ್ರವಚನವಿಲ್ಲ, ಬಂದವರ ಹಣೆಗೆ ಹಚ್ಚಲು ವಿಭೂತಿಯೂ ಇಲ್ಲ. ಒಂದು ಹಂಚಿನ ಪಡಸಾಲೆ, ಒಂದು ಒಲೆ, ಒಲೆಯ ಮೇಲೆ ಸದಾ ಕರಗುತ್ತಿರುವ ಮೇಣ, ಹಿತ್ತಿಲಲ್ಲಿ ಬಣ್ಣದ ಬಾನಿಗಳು. ಇಷ್ಟೇ.

ಅಲ್ಲಿದ್ದವರು ಗುರುಲಿಂಗಜ್ಜ. ಬಾಟಿಕ್ ಬಟ್ಟೆ ಮಾಡುವುದು ಬಿಟ್ಟರೆ ಅವರಿಗೆ ಬೇರೇನೂ ಬರುತ್ತಿರಲಿಲ್ಲ. ಬರುತ್ತಿದ್ದರೂ ಅವರು ಯಾರಿಗೂ ಹೇಳಿರಲಿಲ್ಲ.

ಕೆಲಸ ಕೇಳಲು ಸುಲಭ. ಬಿಳಿಯಾಗಿ ಉಳಿಯಬೇಕಾದ ಕಡೆ ಬಿಸಿ ಮೇಣ ಸವರುವುದು, ಬಟ್ಟೆಯನ್ನು ಬಣ್ಣದಲ್ಲಿ ಅದ್ದುವುದು, ಕೊನೆಗೆ ಕುದಿಯುವ ನೀರಿನಲ್ಲಿ ಮೇಣ ಬಿಡಿಸುವುದು. ಮೇಣ ಕಾಪಾಡಿದಷ್ಟು ಜಾಗ ಬಿಳಿ. ಆದರೆ ಕಲಿಯಲು ಬಂದವರೆಲ್ಲ ಕೈ ಸುಟ್ಟುಕೊಂಡು, ಅಜ್ಜನ ಮೌನಕ್ಕೆ ಬೇಸತ್ತು, ಒಬ್ಬೊಬ್ಬರಾಗಿ ಬಸ್ಸು ಹತ್ತಿದ್ದರು.

ಉಳಿದವಳು ಶಿವಲೀಲಾ ಒಬ್ಬಳೇ.

ಅವಳಿಗೆ ಕೈಚಳಕವಿತ್ತು, ಇಂಗ್ಲಿಷ್ ಬರುತ್ತಿತ್ತು, ಕೈಯಲ್ಲೊಂದು ಫೋನಿತ್ತು. ಅಜ್ಜನ ಬಟ್ಟೆಗಳ ಫೋಟೋ ತೆಗೆದು ಲೋಕಕ್ಕೆಲ್ಲ ಕಳಿಸುವುದು ಅವಳು ತಾನಾಗಿ ಹಚ್ಚಿಕೊಂಡ ಕೆಲಸ.

"ಯಾರ್ ನೋಡ್ತಾರವ್ವಾ ಅದನ್ನ?" ಎಂದು ಅಜ್ಜ ಒಮ್ಮೆ ಕೇಳಿದ್ದರು.

"ಜಗತ್ತೆಲ್ಲಾ ನೋಡ್ತೈತ್ರಿ, ಅಜ್ಜಾರ."

"ಜಗತ್ತಿಗೆ ಬ್ಯಾರೆ ಕೆಲಸ ಇಲ್ಲೇನು?"

ಬೇರೆ ಕೆಲಸ ಇಲ್ಲದ ಒಬ್ಬರು ನೋಡಿಯೇಬಿಟ್ಟರು. ಕಡಲಾಚೆಯ ಒಂದು ನಗರದ ವಸ್ತುಸಂಗ್ರಹಾಲಯದಲ್ಲಿ ಲೋಕದ ಬಾಟಿಕ್ ಬಟ್ಟೆಗಳನ್ನೆಲ್ಲ ಸೇರಿಸಿ ಪ್ರದರ್ಶನ ಮಾಡುತ್ತಿದ್ದರು. ಬಟ್ಟೆ ಆರಿಸುವ ಹೊಣೆ ಮಾರ್ತಾ ಎಂಬಾಕೆಯದು. ಆಕೆ ಕಾರು ಮಾಡಿಕೊಂಡು ವರದೆಯ ದಂಡೆಗೆ ಬಂದಳು.

ಅಜ್ಜನ ಬಟ್ಟೆ ಆಯ್ಕೆಯಾದರೆ ಅದರ ಜೊತೆ ಶಿವಲೀಲಾ ಹೋಗಬೇಕು. ಗೋಡೆಯ ಪಕ್ಕ ನಿಂತು, ಬಂದವರಿಗೆ ಈ ವಿದ್ಯೆಯ ವಿಚಾರ ಹೇಳಬೇಕು. ಅದನ್ನು ಕೇಳಿದಾಗಿನಿಂದ ಅವಳ ಕಾಲು ನೆಲಕ್ಕೆ ಹತ್ತಿರಲಿಲ್ಲ.

ಮಾರ್ತಾ ಪಡಸಾಲೆಯಲ್ಲಿ ಚಪ್ಪಲಿ ಬಿಟ್ಟು ಕುಳಿತಳು. ಇದ್ದ ಬಟ್ಟೆಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದಳು.

"ತುಂಬ ಚೆನ್ನಾಗಿವೆ," ಎಂದಳು ಶಿವಲೀಲಾಳಿಗೆ, ಇಂಗ್ಲಿಷಿನಲ್ಲಿ. "ಆದರೆ ಸಣ್ಣವು. ಮತ್ತೆ ಇಷ್ಟು ನಯವಾಗಿದ್ದರೆ ನಮ್ಮ ಜನ ಮಿಲ್ಲಿನ ಅಚ್ಚು ಅಂದುಕೊಳ್ಳುತ್ತಾರೆ. ಅವರಿಗೆ ಬಾಟಿಕ್ ಅಂದರೆ ಬಿರುಕು. ಮೇಣ ಒಡೆದ ಕಡೆ ಬಣ್ಣ ಒಳಹೋಗಿ ಎಳೆ ಎಳೆಯಾಗಿ ಹರಡಿರುತ್ತದಲ್ಲ, ಅದನ್ನು ನೋಡಿದರೇನೇ ಕೈಯ ಕೆಲಸ ಎಂದು ನಂಬುತ್ತಾರೆ."

ಅವಳು ಅಪ್ಪಣೆ ಮಾಡಲಿಲ್ಲ. ತನಗೆ ಗೊತ್ತಿದ್ದದ್ದನ್ನು ಹೇಳಿದಳು. ಅಜ್ಜ ಮಾಡುತ್ತಿರುವ ದೊಡ್ಡ ಬಟ್ಟೆ ಮುಗಿದ ಮೇಲೆ ಇನ್ನೊಮ್ಮೆ ಬರುವೆನೆಂದಳು.

ಶಿವಲೀಲಾ ಅದನ್ನು ಅಜ್ಜನಿಗೆ ತಿಳಿಸಿದಳು.

"ಬರ್ಲಿ," ಎಂದರು ಅಜ್ಜ.

ಆ ದೊಡ್ಡ ಬಟ್ಟೆಯಲ್ಲಿ ವರದೆ ಇದ್ದಳು. ಮಾಗಿಯ ಮುಂಜಾನೆ, ತೆಳುವಾದ ನೀರು, ನೀರಿನ ಅಂಚಿನಲ್ಲಿ ಬೆಳ್ಳಕ್ಕಿಗಳ ಹಿಂಡು. ಹಕ್ಕಿಗಳಿಗೆ ಅಜ್ಜ ಮೊದಲ ದಿನವೇ ಮೇಣ ಸವರಿದ್ದರು. ಹಳದಿ ಬಂದು ಹೋಯಿತು, ಹಸಿರು ಬಂದು ಹೋಯಿತು. ಹಕ್ಕಿಗಳು ಮೇಣದ ಕೆಳಗೆ ಯಾವ ಬಣ್ಣವನ್ನೂ ಕಾಣದೆ ಇದ್ದವು. ಇನ್ನು ಉಳಿದದ್ದು ಕೊನೆಯ ನೀಲಿ.

ಅಜ್ಜನ ಕಣ್ಣಿಗೆ ಮಬ್ಬು ಕವಿಯುತ್ತಿತ್ತು. ಕುಂಚದ ತುದಿಯನ್ನು ಮೂಗಿನ ಹತ್ತಿರ ತಂದು ನೋಡುತ್ತಿದ್ದರು. ಇದೇ ಕೊನೆಯ ದೊಡ್ಡ ಬಟ್ಟೆ ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಶಿವಲೀಲಾಳಿಗೆ ಹೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ.

ಒಂದು ದಿನ ಮೇಣ ಕಲಕುತ್ತ ಅವಳು ಮಾತು ತೆಗೆದಳು.

"ಅಜ್ಜಾರ, ಬಿರುಕು ಸ್ವಲ್ಪ ಬರೂ ಹಂಗ ಮಾಡಿದ್ರ ಹೆಂಗ್ರಿ? ನಮ್ಮ ಜೇನುಮೇಣ ಬಾಗ್ತೈತಿ, ಒಡಿಯಂಗಿಲ್ಲ. ಮೇಣಬತ್ತಿ ಮೇಣ ಕೂಡಿಸಿದ್ರ ಚಂದಾಗಿ ಒಡೀತೈತಿ. ಎಲ್ಲಾ ಕಡೆ ಹಂಗ ಮಾಡ್ತಾರ್ರಿ."

"ಮೇಣ ಯಾಕ ಹಾಕ್ತಿ?"

"ಬಣ್ಣ ಒಳಗ ಬರಬಾರ್ದು ಅಂತ್ರಿ."

"ಹಂಗಾರ ಬಾಗ್ಲಾ ಹಾಕಿ, ಚಿಲಕಾ ಇಟ್ಟು, ಕಿಡಕ್ಯಾಗಿಂದ ಕಳ್ಳರ್ನ ಕರೀತೀಯೇನು?"

ಅವಳಿಗೆ ನಗು ಬಂತು. ಆದರೆ ಮಾತು ಹಿಡಿಸಲಿಲ್ಲ. ಅಜ್ಜನಿಗೆ ಜಗತ್ತು ಗೊತ್ತಿಲ್ಲ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಒಂದು ಕಡೆ, ಆಸೆ ಒಂದು ಕಡೆ. ಯಾವುದು ಗೆಲ್ಲುತ್ತದೆಂದು ನಾವು ನೀವು ಬಲ್ಲೆವು.

ಅದಾದ ಕೆಲವು ದಿನಕ್ಕೆ ಆಚೆ ದಂಡೆಯ ಊರಿನಲ್ಲಿ ಅಜ್ಜನ ಗೆಳೆಯರೊಬ್ಬರು ತೀರಿಕೊಂಡರು. ಅಜ್ಜ ಮಣ್ಣಿಗೆ ಹೊರಟು ನಿಂತರು. ಹೊಸ್ತಿಲು ದಾಟಿದವರು ತಿರುಗಿ ನೋಡಿದರು.

"ನೀಲಿಗೆ ನೀನ ಹಾಕು, ತಂಗಿ. ಇವತ್ತ ಬಿಸಲು ಛಲೋ ಐತಿ."

ಕೊನೆಯ ಬಣ್ಣವನ್ನು ಅಜ್ಜ ಯಾರ ಕೈಗೂ ಕೊಟ್ಟವರಲ್ಲ. ಅವರು ದೋಣಿ ಹತ್ತುವವರೆಗೂ ಶಿವಲೀಲಾ ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ಒಳಗೆ ಬಂದು ಬಟ್ಟೆಯ ಮುಂದೆ ಕುಳಿತಳು.

ಮೇಣ ಎಲ್ಲೂ ಬಿಟ್ಟಿರಲಿಲ್ಲ. ಒಂದು ಕೂದಲೆಳೆಯಷ್ಟೂ ಸಂದಿಲ್ಲ. ಹೀಗೇ ಅದ್ದಿದರೆ ನಯವಾದ ನೀಲಿ, ನಯವಾದ ಬಿಳಿ. ಮಾರ್ತಾ ಬಂದು ನೋಡಿ, ತುಂಬ ಚೆನ್ನಾಗಿದೆ ಎಂದು ಹೇಳಿ, ಕಾರು ಹತ್ತುತ್ತಾಳೆ. ಅಜ್ಜನ ಹೆಸರು ಈ ದಂಡೆಯಲ್ಲೇ ಹುಟ್ಟಿ ಈ ದಂಡೆಯಲ್ಲೇ ಮುಗಿಯುತ್ತದೆ.

ತನ್ನ ಪ್ರಯಾಣವೂ ಮುಗಿಯುತ್ತದೆ. ಅದನ್ನು ಅವಳು ಕೊನೆಗೆ ಯೋಚಿಸಿದಳು, ಅಥವಾ ಕೊನೆಗೆ ಯೋಚಿಸಿದೆನೆಂದು ನಂಬಿದಳು.

ಸೈಕಲ್ ಹತ್ತಿ ಊರೊಳಗಿನ ಸೋಡಾ ಅಂಗಡಿಗೆ ಹೋಗಿ ಬರ್ಫದ ಗಡ್ಡೆ ತಂದಳು. ಬಾನಿಯ ನೀರಿಗೆ ಹಾಕಿದಳು. ಬಟ್ಟೆಯನ್ನು ಅದರಲ್ಲಿ ಮುಳುಗಿಸಿದಳು. ಬಾಗುವ ಜೇನುಮೇಣವೂ ಅಷ್ಟು ಥಂಡಿಗೆ ಸೆಟೆದುಕೊಂಡಿತು.

ಆಗ ಎರಡೂ ಕೈಯಲ್ಲಿ ಹಿಡಿದು ಹಿಂಡಿದಳು. ಹಪ್ಪಳ ಮುರಿದ ಹಾಗೆ ಸದ್ದಾಯಿತು. ಒಮ್ಮೆ ಕೇಳಿದ ಮೇಲೆ ಹೆದರಿಕೆ ಹೋಯಿತು. ಮೂಲೆಯಿಂದ ಮೂಲೆಗೆ ಹಿಂಡಿ, ನೀಲಿಯಲ್ಲಿ ಅದ್ದಿದಳು.

ಮಧ್ಯಾಹ್ನ ಹಂಡೆಯ ಕುದಿನೀರಿನಲ್ಲಿ ಮೇಣ ಬಿಟ್ಟಿತು. ಬಟ್ಟೆಯನ್ನು ಹಗ್ಗದ ಮೇಲೆ ಹರಡಿ ದೂರ ನಿಂತು ನೋಡಿದಳು. ಫೋಟೋಗಳಲ್ಲಿ ನೋಡಿದ್ದ ಪರದೇಶದ ಬಟ್ಟೆಗಳ ಹಾಗೇ ಇತ್ತು. ಅವಳಿಗೆ ಖುಷಿಯಾಯಿತು.

ಹತ್ತಿರ ಬಂದಳು. ಹಕ್ಕಿಗಳನ್ನು ನೋಡಿದಳು.

ಒಂದೊಂದು ಹಕ್ಕಿಯ ಮೈಮೇಲೂ ನೀಲಿ ಗೆರೆಗಳು ಹರಿದಾಡಿದ್ದವು. ಕೊಕ್ಕಿನಿಂದ ಕಾಲಿನವರೆಗೆ, ರೆಕ್ಕೆಯಿಂದ ರೆಕ್ಕೆಗೆ. ಹಿಂಡಿಗೆ ಹಿಂಡೇ ಬಲೆಯೊಳಗೆ ಬಿದ್ದಂತಿತ್ತು. ಇಡೀ ಬಟ್ಟೆಯಲ್ಲಿ ಬಿಳಿಯ ಹಕ್ಕಿ ಒಂದೂ ಉಳಿದಿರಲಿಲ್ಲ.

ಬಣ್ಣ ಹಾಕಬಹುದು, ತೆಗೆಯಲು ಬರುವುದಿಲ್ಲ. ಇದು ಅವಳು ಈ ಆಶ್ರಮದಲ್ಲಿ ಕಲಿತ ಮೊದಲ ಪಾಠ. ಹಗ್ಗದ ಕೆಳಗೆ ಕುಸಿದು ಕುಳಿತಳು.

ಸಂಜೆ ಅಜ್ಜ ಬಂದರು. ಮಣ್ಣು ಮುಗಿಸಿ ಹೊಳೆಯಲ್ಲಿ ಮುಳುಗು ಹಾಕಿ, ಒದ್ದೆ ಪಂಚೆಯಲ್ಲೇ ಬಂದಿದ್ದರು. ಬಟ್ಟೆಯ ಹತ್ತಿರ ಹೋಗಿ ಅಂಚನ್ನು ಎತ್ತಿ ಕಣ್ಣಿಗೆ ಹಿಡಿದರು. ಒಂದು ಹಕ್ಕಿ ನೋಡಿದರು. ಪಕ್ಕದ್ದನ್ನು ನೋಡಿದರು. ಅವಸರ ಮಾಡದೆ ಒಂದೊಂದನ್ನೂ ನೋಡಿದರು.

"ಮೇಣ ಒಡೀತ್ರಿ, ಅಜ್ಜಾರ," ಎಂದಳು ಶಿವಲೀಲಾ.

"ಜೇನುಮೇಣ?"

"ಹೌದ್ರಿ."

"ಈ ಬ್ಯಾಸಿಗ್ಯಾಗ?"

ಅವಳು ನೆಲ ನೋಡಿದಳು. ಅಜ್ಜ ಬಟ್ಟೆಯ ಅಂಚನ್ನು ಬಿಟ್ಟರು.

"ಉಂಡ್ಯಾ?" ಎಂದು ಕೇಳಿದರು.

"ಇಲ್ರಿ."

"ಉಣ್ಣು, ನಡಿ."

ಅಷ್ಟೇ. ಆಮೇಲೆ ಆ ಮಾತೇ ಇಲ್ಲ. ಅವರು ಬೈದಿದ್ದರೆ ಅವಳು ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಳು.

ಮಾರ್ತಾ ಬಂದಳು. ಅಜ್ಜ ತಾವೇ ಬಟ್ಟೆಯನ್ನು ತಂದು ಪಡಸಾಲೆಯ ಹಗ್ಗಕ್ಕೆ ಹಾಕಿದರು.

ಮಾರ್ತಾ ಬಟ್ಟೆಯ ಹತ್ತಿರಕ್ಕೆ ಬಂದಳು. ನಂತರ ಹಕ್ಕಿಗಳ ಮೇಲಿನ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿದಳು.

"ಇದು," ಎಂದಳು. "ಇಲ್ಲಿದೆ ನೋಡು ಗುರುವಿನ ಕೈ. ಈ ಗೆರೆಗಳು ಹೇಗೆ ಮೂಡಿದವು, ಅವರನ್ನು ಕೇಳು."

ಕೇಳಬೇಕಾದವಳು ಶಿವಲೀಲಾ. ಉತ್ತರ ಹೇಳಬೇಕಾದವಳೂ ಅವಳೇ. ಅತ್ತ ಇಂಗ್ಲಿಷ್ ಬಾರದ ಅಜ್ಜ, ಇತ್ತ ಕನ್ನಡ ಬಾರದ ಮಾರ್ತಾ, ನಡುವೆ ಇವಳೊಬ್ಬಳು.

"ಈ ಗೆರಿ ಹೆಂಗ್ ಬಂದ್ವು ಅಂತ ಕೇಳಾಕತ್ತಾರ್ರಿ, ಅಜ್ಜಾರ."

"ಅವು ನನ್ವಲ್ಲ ಅಂತ ಹೇಳು."

ಶಿವಲೀಲಾ ಮಾರ್ತಾಳ ಕಡೆ ತಿರುಗಿದಳು.

"ಅವು ತಮ್ಮವಲ್ಲ, ಹೊಳೆಯವು ಅನ್ನುತ್ತಾರೆ," ಎಂದಳು ಇಂಗ್ಲಿಷಿನಲ್ಲಿ.

ಮಾರ್ತಾಳ ಮುಖ ಅರಳಿತು. ಬಟ್ಟೆಯ ಕೆಳಗೆ ಇದೇ ಮಾತನ್ನು ಬರೆಸುತ್ತೇನೆ ಎಂದಳು. ಅಷ್ಟು ದೂರದಿಂದ ಬರುವವರಿಗೆ ಇದೊಂದು ಮಾತು ಸಾಕು ಎಂದಳು.

ಅಜ್ಜ ಮಾರ್ತಾಳ ನಗು ನೋಡಿದರು, ಶಿವಲೀಲಾಳ ಮುಖ ನೋಡಿದರು.

"ನಾ ಹೇಳಿದ್ದು ಸಣ್ಣ ಮಾತು," ಎಂದರು. "ನೀ ಹೇಳಿದ್ದು ಉದ್ದಾತು."

ಶಿವಲೀಲಾ ಹಗ್ಗದ ಮೇಲಿನ ಹಕ್ಕಿಗಳನ್ನು ನೋಡಿದಳು. ಅವು ಗೋಡೆಯ ಮೇಲಿರುತ್ತವೆ. ತಾನು ಪಕ್ಕದಲ್ಲಿ ನಿಂತಿರುತ್ತೇನೆ. ದಿನವೂ ಯಾರಾದರೂ ಬಂದು ಇದನ್ನೇ ಕೇಳುತ್ತಾರೆ. ದಿನವೂ ತಾನು ಇದನ್ನೇ ಹೇಳಬೇಕು, ಅಜ್ಜನ ಹೆಸರಿನಲ್ಲಿ.

"ಅವು ಹೊಳೆಯವಲ್ಲ," ಎಂದಳು ಮಾರ್ತಾಳಿಗೆ. "ನನ್ನವು. ಅವರು ಇಲ್ಲದಾಗ ಮೇಣವನ್ನು ಬರ್ಫದ ನೀರಿನಲ್ಲಿ ಅದ್ದಿ ಒಡೆದೆ. ನಿಮಗೆ ಹಿಡಿಸಲಿ ಅಂತ ಒಡೆದೆ. ಈ ಹಕ್ಕಿಗಳು ಬಿಳಿಯಾಗಿರಬೇಕಿತ್ತು."

ಹೇಳಿದ ಮೇಲೆ ಅಳು ಬಂತು. ಅದೇ ಮಾತನ್ನು ಅಳುತ್ತಲೇ ಅಜ್ಜನಿಗೂ ಕನ್ನಡದಲ್ಲಿ ಹೇಳಿದಳು. ನಾಳೆ ಸಂತೆ ಎಂಬ ಗೊತ್ತಿದ್ದ ಸುದ್ದಿಯನ್ನೇ ಕೇಳಿದವರಂತೆ ಅಜ್ಜ ತಲೆಯಾಡಿಸಿದರು.

ಮಾರ್ತಾ ಬಟ್ಟೆಯಿಂದ ಕೈ ತೆಗೆದಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಏನೋ ಕಳೆದುಕೊಂಡವಳ ಹಾಗೆ ಕುಳಿತಳು.

"ಇದನ್ನು ಅವರ ಕೆಲಸ ಎಂದು ನಾನು ಗೋಡೆಗೆ ಹಾಕುವಂತಿಲ್ಲ," ಎಂದಳು ಕೊನೆಗೆ. "ಬೇರೆ ದೊಡ್ಡದು ಇದೆಯೇ?"

ಶಿವಲೀಲಾ ಇಲ್ಲವೆಂದು ತಲೆಯಲ್ಲಾಡಿಸಿದಳು.

ಅಜ್ಜ ಎದ್ದು ಹೋಗಿ ಬಟ್ಟೆಯನ್ನು ಹಗ್ಗದಿಂದ ಇಳಿಸಿದರು. ಎರಡು ಮಡಿಕೆ ಮಾಡಿ, ಮಾರ್ತಾಳ ಹೆಗಲ ಮೇಲೆ ಹೊದಿಸಿದರು. ಬೆಳ್ಳಕ್ಕಿಗಳು ಅವಳ ಬೆನ್ನ ಮೇಲೆ ಇಳಿದವು.

"ಇವರ ಊರಾಗ ಥಂಡಿ ಭಾಳಂತ. ಗ್ವಾಡಿಗ್ಯಾಕ? ಹೊದ್ಕೊಳ್ಳಿ ಅಂತ ಹೇಳು."

ಶಿವಲೀಲಾ ಇದನ್ನು ಒಂದಕ್ಷರ ಹೆಚ್ಚಿಸದೆ ಹೇಳಿದಳು. ಮಾರ್ತಾ ಏನೂ ತೋಚದೆ ಬಟ್ಟೆಯ ಎರಡೂ ತುದಿಯನ್ನು ಎದೆಯ ಮೇಲೆ ಹಿಡಿದುಕೊಂಡಳು.

"ನಿಮ್ಮ ದೀಪಾವಳಿ ಕಳೆದ ಮೇಲೆ ಪ್ರದರ್ಶನ," ಎಂದಳು. "ಅಲ್ಲಿಯವರೆಗೆ ಒಂದು ಗೋಡೆ ಖಾಲಿ ಬಿಟ್ಟಿರುತ್ತೇನೆ. ಏನಾದರೂ ಬರುತ್ತದೆಯೇ, ಕೇಳು."

ಶಿವಲೀಲಾ ಅದನ್ನು ಕನ್ನಡದಲ್ಲಿ ಕೇಳಿದಳು. ಅಜ್ಜ ಒಳಗೆ ಹೋಗಿ ಒಗೆದು ಮಡಚಿಟ್ಟಿದ್ದ ಬಿಳಿ ಬಟ್ಟೆಯೊಂದನ್ನು ತಂದು ಶಿವಲೀಲಾಳ ಮುಂದೆ ಇಟ್ಟರು. ಅದರ ಮೇಲೆ ತಮ್ಮ ಕುಂಚವನ್ನು ಇಟ್ಟರು. ನಂತರ ಒಲೆಯ ಪಕ್ಕ ತಮ್ಮ ಜಾಗದಲ್ಲಲ್ಲ, ಎದುರಿನ ಕಂಬಕ್ಕೆ ಒರಗಿ ಕುಳಿತರು.

ಶಿವಲೀಲಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕುಂಚವನ್ನು ಅಜ್ಜನ ಕಡೆ ಸರಿಸಿದಳು.

"ನನ್ನಿಂದ ಆಗಂಗಿಲ್ರಿ, ಅಜ್ಜಾರ. ನನ್ನ ಕೈ ನಿಮ್ಮ ಕೈ ಅಲ್ಲ."

"ಅಲ್ಲ," ಎಂದರು ಅಜ್ಜ.

"ಎಷ್ಟ ಜ್ವಾಕಿ ಮಾಡಿದ್ರೂ ಬಿರುಕು ಬಂದ ಬರ್ತಾವ್ರಿ."

ಒಲೆಯ ಮೇಲೆ ಮೇಣ ಕರಗುತ್ತಿತ್ತು. ಅಜ್ಜ ಕಣ್ಣು ಮುಚ್ಚಿಕೊಂಡರು.

"ಬಂದ್ರ ಬರ್ಲಿ, ತಂಗಿ. ನೀ ಕರೀಬ್ಯಾಡ."