ಅಪ್ಪಣೆ ಕೇಳದ ಕುಚ್ಚು ಮೀನು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳು ಮೆತ್ತಗಿದ್ದವು, ಕೆರೆಗಳಿಗೆ ಯಾರೂ ಹೆಸರಿಟ್ಟಿರಲಿಲ್ಲ. ನೀರಿನ ಮೇಲೆ ತೇಲುವ ನೈದಿಲೆಯ ಎಲೆ ಆಗ ದೋಸೆಯ ಹಾಗೆ ಸುತ್ತಲೂ ದುಂಡಗಿತ್ತು. ಎಲ್ಲೂ ಒಂದು ಸೀಳಿರಲಿಲ್ಲ.

ಅಂಥ ಒಂದು ಕೆರೆಯಲ್ಲಿ ಕುಚ್ಚಮ್ಮ ಎಂಬ ಕುಚ್ಚು ಮೀನು ಇದ್ದಳು. ಮೈ ಕಪ್ಪು, ತಲೆ ಥೇಟ್ ಹಾವಿನದು, ಬಾಯಿ ಅಗಲ, ಮಾತು ಅದಕ್ಕಿಂತ ಅಗಲ. ಬೇರೆ ಮೀನುಗಳು ನೀರೊಳಗೇ ಉಸಿರಾಡಿಕೊಂಡು ಹಾಯಾಗಿದ್ದವು. ಕುಚ್ಚು ಮೀನಿಗೆ ಅಷ್ಟು ಸಾಲದು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಲೇಬೇಕು. ಇಲ್ಲದಿದ್ದರೆ ನೀರಿನಲ್ಲಿದ್ದೂ ಉಸಿರುಕಟ್ಟಿ ಸಾಯುತ್ತದೆ.

ಗಾಳಿಗೆಲ್ಲ ಒಡೆಯ ಗಾಳಿರಾಯ. ಅವನ ಜಂಬವೋ, ಕೇಳಲೇಬೇಡ ಮಗಾ!

"ನನ್ನ ಗಾಳಿ ಯಾರಿಗೂ ಬಿಟ್ಟಿ ಇಲ್ಲ. ಮೇಲೆ ಬನ್ನಿ, ಬಾಯಿ ತೆಗೀರಿ, 'ಅಪ್ಪಣೆ ಒಡೆಯಾ' ಅಂತ ಗಟ್ಟಿಯಾಗಿ ಕೂಗಿ. ಆಮೇಲೆ ಉಸಿರು" ಎಂದು ಅವನು ಕಟ್ಟಳೆ ಮಾಡಿದ್ದ.

ಕುಚ್ಚಮ್ಮ ಮೇಲೆ ಬರುವಳು. "ಅಪ್ಪಣೆ ಒಡೆಯಾ!" ಗುಟುಕು ನುಂಗಿ ಕೆಳಗೆ ಹೋಗುವಳು. ಮತ್ತೆ ಬರುವಳು. "ಅಪ್ಪಣೆ ಒಡೆಯಾ!"

ಈ ಕೂಗಿನಿಂದ ಗಾಳಿರಾಯನಿಗೆ ಏನು ಸಿಕ್ಕಿತೋ ಕಾಣೆ, ಮಲ್ಲಾಜಮ್ಮನಿಗಂತೂ ಸಾರಿಗೆ ಮೀನು ಸಿಕ್ಕಿತು. ಮಲ್ಲಾಜಮ್ಮ ಆ ಕೆರೆಯ ದಡದಲ್ಲಿ ಗಾಳ ಹಾಕುತ್ತಿದ್ದ ಮುದುಕಿ. ಕಣ್ಣು ಮಂಜು, ಕಿವಿ ಬಲು ಚುರುಕು. ಕೂಗು ಕೇಳಿದ ಕಡೆಗೇ ಬಿದಿರು ಕೋಲು ಬೀಸಿ ಗಾಳ ಇಳಿಸುವಳು. ಕುಚ್ಚಮ್ಮನ ಅಕ್ಕ ಹಾಗೇ ಹೋದಳು. ಗಂಡನೂ ಹಾಗೇ ಹೋದ.

"ಆ ಮುದುಕಿ ಮೇಲೆ ನಂಗೆ ಸಿಟ್ಟಿಲ್ಲ. ಹಸಿದೋಳು ಹಿಡೀತಾಳೆ. ನಾವ್ಯಾಕೆ ಕೂಗಿ ಕೂಗಿ ಜಾಗ ತೋರಿಸ್ಬೇಕು?" ಎಂದು ಕುಚ್ಚಮ್ಮ ಗೊಣಗುವಳು. ಗೊಣಗಿದರೂ ಕೂಗುವಳು. ಉಸಿರು ಬೇಕಲ್ಲ, ಏನು ಮಾಡುವುದು?

ಗಂಡ ಇದ್ದಾಗಲೇ ಅವಳು ಇಟ್ಟಿದ್ದ ಮೊಟ್ಟೆ ಒಡೆದು ಮರಿಗಳಾದವು. ಕುಂಕುಮ ಚೆಲ್ಲಿದ ಹಾಗೆ ಕೆಂಪು ಕೆಂಪು ಮರಿಗಳ ದೊಡ್ಡ ಗುಂಪು. ಅವಕ್ಕೂ ಮೇಲಿನ ಗಾಳಿ ಬೇಕಾಗುವ ದಿನ ಬಂತು. ಕುಚ್ಚಮ್ಮ ಪಾಠ ಹೇಳಿಕೊಟ್ಟಳು.

"ಹೇಳ್ರೋ, ಅಪ್ಪಣೆ ಒಡೆಯಾ."

"ಅಪ್ಪಣೆ ಒಡೆಯಾ!" ಎಂದವು ಮರಿಗಳು.

ಎಲ್ಲಕ್ಕಿಂತ ಚಿಕ್ಕವಳು ಚೂಟಿ. ಅವಳಿಗೆ ನಾಲಿಗೆ ಸರಿಯಾಗಿ ಹೊರಳದು. ಅವಳು ನೀರಿನಿಂದ ಮೂತಿ ಎತ್ತಿ, ಶಕ್ತಿಯೆಲ್ಲ ಹಾಕಿ ಕೂಗಿದಳು: "ಅಪ್ಪಚ್ಚಿ ಒಡೆಯಾ!"

ಕೆರೆಗೆ ಕೆರೆಯೇ ನಕ್ಕಿತು. ಕಪ್ಪೆಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಗಾಳಿರಾಯ ಮಾತ್ರ ನಗಲಿಲ್ಲ.

"ಏನಂದೆ? ಅಪ್ಪಚ್ಚಿನಾ? ನಾನಾ?"

"ಮಗು, ಒಡೆಯಾ. ನಾಲಿಗೆ ಹೊರಳಲ್ಲ" ಎಂದಳು ಕುಚ್ಚಮ್ಮ.

"ನಾಲಿಗೆ ಹೊರಳದವಳಿಗೆ ಉಸಿರೂ ಇಲ್ಲ. ಅವಳನ್ನ ಮುದುಕಿಯ ಗಾಳದ ಹತ್ರ ಬಿಟ್ಟು ಬಾ. ಅಲ್ಲೀವರೆಗೂ ನಿನ್ನ ಒಂದು ಮರಿಗೂ ಗಾಳಿ ಕೊಡಲ್ಲ."

ಕುಚ್ಚಮ್ಮನಿಗೆ ಹೆದರಿಕೆಯಾಯಿತು. ಆದರೆ ಸಿಟ್ಟು ಹೆದರಿಕೆಗಿಂತ ದೊಡ್ಡದಾಗಿತ್ತು.

"ಬಿಡಲ್ಲ! ಮಗೂನೂ ಬಿಡಲ್ಲ, ಇನ್ಮೇಲೆ ನಿನ್ನ ಅಪ್ಪಣೇನೂ ಕೇಳಲ್ಲ. ಅದೇನ್ ಮಾಡ್ಕೋತೀಯೋ ಮಾಡ್ಕೋ ಹೋಗು!"

ಗಾಳಿರಾಯ ಕೆರೆಯ ತುಂಬ ಓಡಾಡಿ ನೀರಿಗೆ ಪಟಪಟ ಬಾರಿಸಿದ. ಯಾವ ಮರಿ ಮೂತಿ ಎತ್ತಿದರೂ ಅದರ ಬಾಯಿಯಿಂದ ಗಾಳಿ ಕಿತ್ತುಕೊಂಡ. ಕೆಂಪು ಮರಿಗಳು ಬಿಳಿಚಿಕೊಂಡವು. ಕುಚ್ಚಮ್ಮ ಅವನ್ನೆಲ್ಲ ಒಟ್ಟುಗೂಡಿಸಿಕೊಂಡು ನೈದಿಲೆಯ ಎಲೆಯ ಕೆಳಗೆ ನುಗ್ಗಿದಳು.

"ನೈದಿಲಕ್ಕಾ, ಜಾಗ ಕೊಡೇ."

"ಇರು, ಬೇಡ ಅಂದೋರ್ಯಾರು? ನನ್ನ ಕೆಳಗೆ ಗಾಳಿರಾಯ ಬರಲಾರ. ಆದ್ರೆ ನೀರಿಗೆ ಅಂಟ್ಕೊಂಡಿದೀನಿ ಕಣೇ, ಉಸಿರಿಗೆ ಗಾಳೀನೂ ಬರಲ್ಲ."

"ಹಂಗಾದ್ರೆ ಒಂದು ಸಂದು ಬಿಡು."

"ಸಂದು ಬಿಡೋಕೆ ನಾನೇನು ಬಾಗಿಲಾ? ಮೈ ಹರ್ಕೋಬೇಕು" ಎಂದಳು ನೈದಿಲೆ. ತನ್ನ ದುಂಡು ಮೈಯೆಂದರೆ ಅವಳಿಗೆ ಪ್ರಾಣ. ಕೆಳಗೆ ಚೂಟಿ ಪಕ್ಕಕ್ಕೆ ವಾಲಿಕೊಂಡಿದ್ದಳು, ಈಜುತ್ತಿರಲಿಲ್ಲ.

ಆಗ ಮೇಲಿನಿಂದ ಗಾಳಿರಾಯ ಗದರಿದ. "ಏ ನೈದಿಲೆ, ಹುಷಾರ್! ನನ್ನ ಅಪ್ಪಣೆ ಇಲ್ಲದೆ ಇಲ್ಲಿ ಒಂದೆಲೇನೂ ಅಲ್ಲಾಡಬಾರದು!"

ಅವನು ಸುಮ್ಮನಿದ್ದಿದ್ದರೆ ಕಥೆ ಏನಾಗುತ್ತಿತ್ತೋ. ಜಂಬದವರಿಗೆ ಸುಮ್ಮನಿರಲು ಬರುವುದಿಲ್ಲ.

"ಓಹೋ, ಅಲ್ಲಾಡೋಕೂ ಅಪ್ಪಣೆನಾ?" ಎಂದಳು ನೈದಿಲೆ. ಹಲ್ಲು ಕಚ್ಚಿದಳು ಎನ್ನೋಣವೆಂದರೆ ಎಲೆಗೆ ಹಲ್ಲಿಲ್ಲ. ಅಂಚಿನಿಂದ ತೊಟ್ಟಿನವರೆಗೆ ಪರ್‌ರ್ ಎಂದು ತನ್ನನ್ನು ತಾನೇ ಸೀಳಿಕೊಂಡಳು.

ಗಾಳಿರಾಯ ಸೀಳಿನೊಳಗೆ ನುಗ್ಗಲು ಉಫ್ ಎಂದು ಊದಿದ. ಊದಿದಾಗ ಸೀಳಿನ ಎರಡು ಅಂಚೂ ಒಂದರ ಮೇಲೊಂದು ಕೂತು ಮುಚ್ಚಿಕೊಂಡವು. ಊದಿ ಊದಿ ಸುಸ್ತಾಗಿ ಅವನು ಉಸಿರೆಳೆದುಕೊಳ್ಳಲು ನಿಂತ. ಸೀಳು ಬಿಚ್ಚಿಕೊಂಡಿತು. ಕುಚ್ಚಮ್ಮ ಚೂಟಿಯನ್ನು ಮೂತಿಯಿಂದ ಮೇಲಕ್ಕೆ ನೂಕಿದಳು. ಗುಳುಕ್! ಚೂಟಿಯ ಬಾಲ ಆಡಿತು. ಗುಳುಕ್, ಗುಳುಕ್, ಎಲ್ಲ ಮರಿಗಳೂ ಗಾಳಿ ನುಂಗಿದವು. ಯಾರೂ ಕೂಗಲಿಲ್ಲ.

ಕುಚ್ಚಮ್ಮ ಸೀಳಿನಲ್ಲಿ ತಲೆ ತೂರಿಸಿ ಕೇಳಿದಳು. "ನೀನೂ ಈಗ ಉಸಿರು ಎಳ್ಕೊಂಡೆಯಲ್ಲ ಒಡೆಯಾ, ಯಾರ ಅಪ್ಪಣೆ ಕೇಳಿದ್ದೆ?"

ಗಾಳಿರಾಯ ತಿರುಗಿ ಬೆಟ್ಟದ ಕಡೆಗೆ ಹೊರಟುಬಿಟ್ಟ. ಕೆರೆಯ ಉಳಿದ ನೈದಿಲೆಗಳೆಲ್ಲ ಅದನ್ನು ಕಂಡು, ಪರ್‌ರ್ ಪರ್‌ರ್ ಎಂದು ತಾವೂ ಸೀಳಿಕೊಂಡವು.

ದಡದಲ್ಲಿ ಮಲ್ಲಾಜಮ್ಮ ಕಿವಿಯೊಡ್ಡಿ ಕಾದಳು. ಕೂಗಿಲ್ಲ. ಕೊನೆಗೆ ಗಾಳಕ್ಕೆ ಒಂದು ಕಪ್ಪೆ ಸಿಕ್ಕಿಸಿ, ನೈದಿಲೆ ಎಲೆಗಳ ಮೇಲೆ ಟಪ್ ಟಪ್ ಎಂದು ಕುಣಿಸಿದಳು. ಮರಿಗಳ ತಲೆಯ ಮೇಲೆ ಕುಣಿದರೆ ಕುಚ್ಚಮ್ಮ ಬಿಟ್ಟಾಳೆಯೇ? ಎಲೆಗಳ ನಡುವಿನಿಂದ ಚಂಗನೆ ನೆಗೆದು, ಕಪ್ಪೆ ಕಚ್ಚಿ, ದಾರವನ್ನು ನೈದಿಲೆಯ ದಂಟುಗಳಿಗೆಲ್ಲ ಸುತ್ತಿ ಸುತ್ತಿ ಎಳೆದಳು. ದಾರ ಫಟ್ ಎಂದಿತು.

"ಎಲಾ ಇವ್ಳಾ! ಕಪ್ಪೆನೂ ನುಂಗುದ್ಲು, ಗಾಳನೂ ಕಿತ್ಕಂಡೋದ್ಲು!" ಎಂದು ಮಲ್ಲಾಜಮ್ಮ ಸೊಂಟದ ಮೇಲೆ ಕೈಯಿಟ್ಟು ನಕ್ಕಳು. "ಆಗ್ಲಿ ಕಣವ್ವ. ನಾನೂ ಬುಡಾಕಿಲ್ಲ, ನಾಳಿಕ್ಕೂ ಬತ್ತೀನಿ."

ಅದಕ್ಕೇ ಮಗಾ, ಇವತ್ತಿಗೂ ನೈದಿಲೆಯ ಎಲೆ ಅಂಚಿನಿಂದ ತೊಟ್ಟಿನವರೆಗೆ ಸೀಳಿರುತ್ತದೆ, ಕುಚ್ಚು ಮೀನು ಅದರ ಕೆಳಗೇ ಮನೆ ಮಾಡುತ್ತದೆ, ಗಾಳ ಹಾಕುವವರು ಅಲ್ಲಿ ದಾರ ಕಳೆದುಕೊಂಡು ಬೈಯುತ್ತಾರೆ. ನೀನು ಕೆರೆಯ ದಡದಲ್ಲಿ ನಿಂತಿರುವಾಗ ಎಲೆಗಳ ನಡುವೆ ಗುಳುಕ್ ಎಂದರೆ, ಅಲ್ಲೊಬ್ಬಳು ಯಾರನ್ನೂ ಕೇಳದೆ ಉಸಿರು ತೆಗೆದುಕೊಂಡಳು ಎಂದು ತಿಳಿ.