ಅನುಪಲ್ಲವಿಯಲ್ಲಿ ಬರುವ ಸದ್ದು

"ಗುರುಗಳೇ, ಯಂತ್ರದ ಕೆಳಗೆ ಕಲ್ಲಿಟ್ಟರೆ ಹಾಡು ಶುಭ್ರವಾಗುತ್ತದೆಯೋ, ಇಲ್ಲವೋ?"

ಕೇಳಿದವನು ನಿಜಗುಣ, ಗುರುಗಳ ಬಳಿ ಹತ್ತು ವರ್ಷದಿಂದ ಹಾಡು ಕಲಿಯುತ್ತಿದ್ದವನು. ಹಿಂದಿನ ದಿನ ಅವನೂ ಸಹಪಾಠಿ ಚಂದ್ರಮೌಳಿಯೂ ಗುರುಗಳ ಹಾಡನ್ನು ಯಂತ್ರದಲ್ಲಿ ರೆಕಾರ್ಡು ಮಾಡಿಕೊಂಡಿದ್ದರು. ಯಂತ್ರದ ಕೆಳಗೆ ನುಣುಪಾದ ಕಪ್ಪು ಕಲ್ಲು ಇರಲೇಬೇಕೆಂದು ನಿಜಗುಣನ ವಾದ. ಆ ಕಲ್ಲಿನಿಂದ ಅದನ್ನು ಮಾರುವ ಅಂಗಡಿಯವನಿಗೆ ಲಾಭವೇ ಹೊರತು ಹಾಡಿಗಲ್ಲ ಎಂದು ಚಂದ್ರಮೌಳಿಯ ವಾದ. ಮಾತಿಗೆ ಮಾತು ಬೆಳೆದು, ಈ ದಿನ ಚಂದ್ರಮೌಳಿ ಪಾಠಕ್ಕೇ ಬಂದಿರಲಿಲ್ಲ.

"ನೀವು ಹಾಡಿದಷ್ಟು ಹೊತ್ತೂ ನಾನು ಯಂತ್ರವಿದ್ದ ಮೇಜನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡೇ ಇದ್ದೆ, ಒಂದು ಕಂಪನವೂ ಬರಬಾರದು ಅಂತ. ಅವನು ನೋಡಿ ನಕ್ಕ. ನೀವೇ ಹೇಳಿ ಗುರುಗಳೇ, ಯಾರದು ಸರಿ?"

ಗುರುಗಳು ತಂಬೂರಿಗೆ ಗವಸು ಹಾಕಿ ಗೋಡೆಗೆ ಒರಗಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಸಂಗೀತವೆಂದರೆ ಅವನಿಗೆ ಪ್ರಾಣ. ಆ ಕಾಲದ ದೊಡ್ಡ ಹಾಡುಗಾರ್ತಿಯೊಬ್ಬರು ಒಮ್ಮೆ ಅವನ ನಡುಮನೆಯಲ್ಲಿ ಕುಳಿತು ಹಾಡಿದರು. ರೆಕಾರ್ಡು ಮಾಡುವವರು ತಮ್ಮ ಸಲಕರಣೆಗಳನ್ನು ಅಲ್ಲಿಗೇ ತಂದು ಅದನ್ನು ಮುದ್ರಿಸಿಕೊಂಡರು. ರೆಕಾರ್ಡು ಊರೂರಿಗೆ ಹೋಯಿತು. ವರ್ತಕನ ಮನೆಗೂ ಒಂದು ಬಂತು.

ದಿನವೂ ಸಂಜೆ ಅವನು ಅದನ್ನು ಹಾಕುತ್ತಿದ್ದ. ಗಡಿಯಾರ ರಿಪೇರಿ ಮಾಡುವ ಗೆಳೆಯನೊಬ್ಬ ಅಂಗಡಿ ಮುಚ್ಚಿ ನೇರ ಅಲ್ಲಿಗೇ ಬರುತ್ತಿದ್ದ. ವರ್ತಕನ ಹೆಂಡತಿ ಉಯ್ಯಾಲೆಯ ಮೇಲೆ ಕುಳಿತು ಹೂ ಕಟ್ಟುತ್ತ ಕೇಳುತ್ತಿದ್ದಳು. ಮೂವರೂ ಸುಖವಾಗಿದ್ದರು. ಸುಖವಾಗಿದ್ದವರಿಗೆ ಇನ್ನಷ್ಟು ಸುಖ ಬೇಕೆನ್ನಿಸುವುದು ತಪ್ಪೇನಲ್ಲ. ವರ್ತಕ ಹಳೆಯ ಗ್ರಾಮಫೋನು ಪೆಟ್ಟಿಗೆ ತೆಗೆದು ದೊಡ್ಡ ಹೊಸ ಯಂತ್ರ ತರಿಸಿದ.

ಹೊಸ ಯಂತ್ರದಲ್ಲಿ ತಂಬೂರಿಯ ಒಂದೊಂದು ತಂತಿಯೂ ಬೇರೆಬೇರೆಯಾಗಿ ಕೇಳಿಸಿತು. ಹಾಡುಗಾರ್ತಿ ಉಸಿರು ತೆಗೆದುಕೊಳ್ಳುವುದೂ ಕೇಳಿಸಿತು. ಜೊತೆಗೆ, ಅನುಪಲ್ಲವಿಯಲ್ಲಿ ಹಾಡು ಮೇಲಿನ ಷಡ್ಜಕ್ಕೆ ಹೋಗಿ ನಿಲ್ಲುವ ಕಡೆ, 'ಥಪ್' ಎಂದು ಒಂದು ಸದ್ದೂ ಕೇಳಿಸಿತು. ಹಳೆಯ ಪೆಟ್ಟಿಗೆಯಲ್ಲಿ ಅವನು ಅದನ್ನು ಎಂದೂ ಕೇಳಿರಲಿಲ್ಲ. ಅಂದಿನಿಂದ ಅವನ ಕಿವಿ ಹಾಡನ್ನು ಬಿಟ್ಟು ಆ ಸದ್ದಿಗೇ ಕಾಯತೊಡಗಿತು.

ಪಟ್ಟಣದ ಅಂಗಡಿಯವನನ್ನು ಕೇಳಿದ. ನೆಲದ ನಡುಕ ರೆಕಾರ್ಡಿನ ಮೇಲೆ ಓಡುವ ಮುಳ್ಳಿಗೆ ಏರುತ್ತಿದೆ ಎಂದು ಅಂಗಡಿಯವನು ಒಂದು ಕಪ್ಪು ಕಲ್ಲು ಕೊಟ್ಟ. ಎರಡು ದಿನ ವರ್ತಕ "ಆಹಾ, ಎಷ್ಟು ಶುಭ್ರ!" ಎಂದ. ಮೂರನೆಯ ದಿನ ಥಪ್. ಕಲ್ಲಿನ ಕೆಳಗೆ ನಾಲ್ಕು ಹಿತ್ತಾಳೆಯ ಬಟ್ಟಲು ಬಂದವು. ಬಟ್ಟಲಿನ ಕೆಳಗೆ ಮರಳಿನ ಚೀಲ ಬಂತು. ಕೊನೆಗೆ ಯಂತ್ರದ ವೈರು ನೆಲಕ್ಕೆ ತಾಗಬಾರದೆಂದು ಅದಕ್ಕೂ ಸಾಲಾಗಿ ಪುಟ್ಟ ಪುಟ್ಟ ಮರದ ಮಣೆಗಳು ಬಂದವು. ಬಂದ ನೆಂಟರು ಚಾಪೆಯ ಮೇಲೆ, ವೈರು ಮಣೆಯ ಮೇಲೆ. ಅಂಥ ಮರ್ಯಾದೆ ಆ ಮನೆಯಲ್ಲಿ ಅಳಿಯನಿಗೂ ಸಿಕ್ಕಿರಲಿಲ್ಲ.

ಗಡಿಯಾರದವನು ತಡೆಯಲಾರದೆ ಹೇಳಿದ: "ನೆಲವೂ ಅಲ್ಲ, ಯಂತ್ರವೂ ಅಲ್ಲ ಮಾರಾಯ. ಆ ಸದ್ದು ರೆಕಾರ್ಡಿನಲ್ಲೇ ಇದೆ. ಅದಕ್ಕೇ ದಿನಾ ಅದೇ ಜಾಗದಲ್ಲಿ ಬರುತ್ತೆ."

"ಅದೇ ಜಾಗದಲ್ಲಿ ಯಾಕೆ ಬರುತ್ತೆ ಗೊತ್ತಾ? ಅಲ್ಲಿ ದನಿ ಜೋರಾಗುತ್ತೆ. ನೆಲ ಮೊದಲೇ ನಡುಗ್ತಿದ್ದರೆ, ಅಂಚಿನವರೆಗೆ ತುಂಬಿದ ಲೋಟದ ಹಾಗೆ ಅಲ್ಲಿ ತುಳುಕುತ್ತೆ" ಎಂದ ವರ್ತಕ.

ಪರೀಕ್ಷೆ ಮಾಡೋಣ ಎಂದ ಗೆಳೆಯ. ವರ್ತಕನನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ. ಒಮ್ಮೆ ಕಲ್ಲಿಟ್ಟ, ಒಮ್ಮೆ ತೆಗೆದ, ಹೀಗೆ ಐದು ಸಲ. ವರ್ತಕ ಮೂರು ಸಲ ತಪ್ಪು ಹೇಳಿದ. ಗೆಳೆಯ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಗೆದ್ದವನ ನಾಲಿಗೆ ಸುಮ್ಮನಿರುತ್ತದೆಯೇ? "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ಕೇಳಲಾರದೆ ನೆಲ ನಡುಗುತ್ತೆ ಅಂತೀಯ" ಎಂದುಬಿಟ್ಟ. ವರ್ತಕ ಎದ್ದು ಬಾಗಿಲು ತೋರಿಸಿದ. ಮರುದಿನದಿಂದ ಗೆಳೆಯ ಬರಲಿಲ್ಲ.

ವರ್ತಕನ ಹಟ ಹೆಚ್ಚಿತು. ನೆಲದ ಸಹವಾಸವೇ ಬೇಡವೆಂದು ಯಂತ್ರವನ್ನು ಎತ್ತಿ ಉಯ್ಯಾಲೆಯ ಮೇಲಿಟ್ಟ. ಹೆಂಡತಿ ಹೂವಿನ ಬುಟ್ಟಿ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಥಪ್ ಹೋಗಲಿಲ್ಲ. ಇನ್ನು ಮನೆಯಲ್ಲಿ ನಡುಗುವುದು ಏನು ಉಳಿದಿದೆ ಎಂದು ಅವನು ಸುತ್ತಲೂ ನೋಡಿದ. ಹೆಂಡತಿಯ ಹೆಜ್ಜೆಯೊಂದು ಉಳಿದಿತ್ತು.

"ಸ್ವಲ್ಪ ಮೆಲ್ಲಗೆ ನಡೆಯಬಾರದೇ?" ಎಂದ. ಅವಳು ಮೆಲ್ಲಗೆ ನಡೆದಳು. "ಹಾಡು ಮುಗಿಯುವವರೆಗೆ ರುಬ್ಬಬೇಡ" ಎಂದ. ರುಬ್ಬಲಿಲ್ಲ. "ಅತ್ತಿತ್ತ ಓಡಾಡಲೇಬೇಡ" ಎಂದ ದಿನ ಅವಳು ಒಂದು ಚೀಲದಲ್ಲಿ ನಾಲ್ಕು ಸೀರೆ ಇಟ್ಟುಕೊಂಡು, "ನಾನು ಅಕ್ಕನ ಮನೆಗೆ ಹೋಗಿರ್ತೀನಿ. ನಿಮ್ಮ ಹಾಡು ಚೆನ್ನಾಗಿ ಕೇಳಿಸಲಿ" ಎಂದಳು. ಸಿಟ್ಟಿನಿಂದ ಹೇಳಿದ್ದರೆ ಅವನು ತಡೆಯುತ್ತಿದ್ದನೇನೋ. ಅವಳು ಮೆಲ್ಲಗೆ ಹೇಳಿದಳು. ಅವನು ತಡೆಯಲಿಲ್ಲ.

ಆ ಸಂಜೆ ಮನೆಯಲ್ಲಿ ಒಂದು ಪಾತ್ರೆಯೂ ಅಲುಗಲಿಲ್ಲ. ವರ್ತಕ ಬಾಗಿಲು ಹಾಕಿ, ಉಸಿರು ಬಿಗಿಹಿಡಿದು ಮುಳ್ಳು ಇಟ್ಟ. ಹಾಡು ಮೇಲಿನ ಷಡ್ಜಕ್ಕೆ ಏರಿತು.

ಥಪ್.

ಅವನು ಇಡೀ ಹಾಡನ್ನು ಕೇಳಲಿಲ್ಲ. ಖಾಲಿ ಮನೆ ಅವನಿಗೆ ಭಯ ತಂದಿತು. ಬೆಳಗಿನ ಮೊದಲ ಬಸ್ಸು ಹತ್ತಿ ಹೆಂಡತಿಯ ಅಕ್ಕನ ಊರಿಗೆ ಹೋದ. ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ನೀನಿಲ್ಲದಿದ್ದರೂ ಆ ಸದ್ದು ಬಂತು ಕಣೆ. ನಿನ್ನ ಹೆಜ್ಜೆಯದಲ್ಲ. ತಪ್ಪಾಯ್ತು, ಮನೆಗೆ ಬಾ."

"ಯಾವ ಸದ್ದು?" ಎಂದಳು ಅವಳು. ಇಷ್ಟು ದಿನ ಅವನು ಅವಳಿಗೆ ನಡೆಯಬೇಡ ಎಂದಿದ್ದನೇ ಹೊರತು, ಸದ್ದು ಯಾವುದೆಂದು ಹೇಳಿರಲಿಲ್ಲ.

"ಅನುಪಲ್ಲವಿಯಲ್ಲಿ. ಥಪ್ ಅಂತ ಬರುತ್ತಲ್ಲ, ಅದು."

ಅವಳ ಕೈಯ ಅವರೆಕಾಯಿ ಮೊರಕ್ಕೆ ಬಿತ್ತು. "ಅದಾ! ಅಯ್ಯೋ, ಅದು ನಿಮ್ಮ ಕೈ ಅಲ್ವೇ? ಅವತ್ತು ಅವರು ಹಾಡುವಾಗ ನೀವು ಮೈಕಿನ ಪಕ್ಕದಲ್ಲೇ ಕೂತಿದ್ರಿ. ಅವರು ಮೇಲಿನ ಷಡ್ಜ ಮುಟ್ಟಿದ್ದೇ ತಡ, ಮೈಮರೆತು ತೊಡೆ ತಟ್ಟಿದ್ರಿ. ನಾನು ಹಿಂದೆ ಕೂತು ನೋಡಿದ್ದೀನಿ. ಹಳೇ ಪೆಟ್ಟಿಗೆಯಲ್ಲೂ ನನಗೆ ಅದು ಕೇಳಿಸ್ತಿತ್ತು."

ವರ್ತಕ ತನ್ನ ಕೈ ನೋಡಿಕೊಂಡ.

"ಆ ರೆಕಾರ್ಡು ಕೊಂಡವರ ಮನೆಮನೆಯಲ್ಲೂ ನೀವು ತೊಡೆ ತಟ್ಟುತ್ತಾ ಇದ್ದೀರಿ" ಎಂದು ಅವಳು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ಹಾಡು ಅವರದ್ದು. ನಾನು ದಿನಾ ಹೂ ಕಟ್ಟೋದು ನಿಲ್ಲಿಸಿ ಕೇಳ್ತಿದ್ದದ್ದು ಆ ಕೈಯನ್ನ. ಹೊಸ ಯಂತ್ರ ಬಂದ ಮೇಲೆ ಒಂದು ದಿನಾನೂ ನೀವು ತೊಡೆ ತಟ್ಟಲಿಲ್ಲ ನೋಡಿ."

ಇಬ್ಬರೂ ಅದೇ ದಿನ ಮನೆಗೆ ಬಂದರು. ಯಂತ್ರ ಉಯ್ಯಾಲೆಯಿಂದ ಇಳಿಯಿತು, ಹೆಂಡತಿ ಏರಿದಳು. ಹಿತ್ತಾಳೆಯ ಬಟ್ಟಲುಗಳು ಅರಿಸಿನ ಕುಂಕುಮಕ್ಕೆ ಹೋದವು. ವರ್ತಕ ತಾನೇ ಗಡಿಯಾರದ ಅಂಗಡಿಗೆ ಹೋಗಿ, "ನೀನು ಹೇಳಿದ್ದೇ ಸರಿ, ರೆಕಾರ್ಡಿನಲ್ಲೇ ಇತ್ತು. ಬಾ" ಎಂದ. ಗೆಳೆಯನೂ ಇದಕ್ಕೇ ಕಾದಿದ್ದವನಂತೆ ಬೇಗ ಬಾಗಿಲು ಹಾಕಿ ಬಂದ.

ಸಂಜೆ ಮೂವರೂ ಕೂತರು. ಅನುಪಲ್ಲವಿ ಬಂತು, ದನಿ ಮೇಲಿನ ಷಡ್ಜಕ್ಕೆ ಏರಿ ನಿಂತಿತು. ರೆಕಾರ್ಡಿನೊಳಗಿನ ಥಪ್ ಅಂದು ಯಾರಿಗೂ ಕೇಳಿಸಲಿಲ್ಲ. ಅದೇ ಹೊತ್ತಿಗೆ ವರ್ತಕನ ಕೈ ಅವನ ತೊಡೆಯ ಮೇಲೆ ಬಿದ್ದಿತ್ತು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣ ಕೇಳಿದ: "ಹಾಗಾದರೆ ಕಲ್ಲು ಇಡಬೇಕೋ, ಬೇಡವೋ?"

ಗುರುಗಳು ಅವನನ್ನು ಪ್ರೀತಿಯಿಂದಲೇ ನೋಡಿದರು.

"ನಿನ್ನೆ ನಾನು ಹಾಡುವಾಗ ನಿನ್ನ ಕೈ ಎಲ್ಲಿತ್ತಪ್ಪಾ?"

ಮೇಜನ್ನು ಅದುಮಿ ಹಿಡಿದಿದ್ದ ತನ್ನ ಎರಡೂ ಕೈಗಳನ್ನು ನಿಜಗುಣ ನೋಡಿಕೊಂಡ.