ಯಂತ್ರದ ಜಿರಳೆ ಪಡೆದ ಗುರೂಪದೇಶ

ಜಿರಳೆಗಳು ನಡೆಯುವ ಬಗೆಯನ್ನು ತಿಳಿಯಲು ವಿಜ್ಞಾನಿಗಳು ಒಂದು ಯಂತ್ರದ ಜಿರಳೆಯನ್ನು ಮಾಡಿದರು. ಪ್ರಯೋಗಾಲಯದ ಕಪಾಟಿನ ಹಿಂದೆ ವಾಸವಿದ್ದ ಮುದಿ ಜಿರಳೆ ಅದನ್ನು ನೋಡಲು ಕುಂಟುತ್ತಾ ಹೊರಬಂದಿತು. ಯಂತ್ರವೂ ಕುಂಟುತ್ತಿತ್ತು. ಪಾಪ, ಇದಕ್ಕೂ ಏಟು ಬಿದ್ದಿದೆಯಲ್ಲ ಎಂದು ಮುದಿ ಜಿರಳೆ ಮರುಗಿತು.

"ಕಾಲಿಗೇನಾಯಿತಪ್ಪಾ?"

"ಗುರುಗಳೇ! ತಮ್ಮ ನಡಿಗೆಯನ್ನೇ ಚಿತ್ರ ತೆಗೆದು ನನಗೆ ಕಲಿಸಿದ್ದಾರೆ. ಮೂರು ಹೆಜ್ಜೆಗೊಮ್ಮೆ ತಾವು ಎಡಕ್ಕೆ ವಾಲುವ ರಹಸ್ಯ ಮಾತ್ರ ಯಾವ ಪಂಡಿತರಿಗೂ ಹೊಳೆದಿಲ್ಲ. ತಾವೇ ಅಪ್ಪಣೆ ಕೊಡಿಸಬೇಕು."

ಜಿರಳೆಗೆ ನಾಚಿಕೆಯಾಯಿತು. "ರಹಸ್ಯ ಎಲ್ಲಿಂದ ಬಂತು ಮಗೂ? ಆಯುಧಪೂಜೆಗೆಂದು ಇಲ್ಲಿ ಕಸ ಗುಡಿಸುವಾಗ ಪೊರಕೆ ಏಟು ಬಿತ್ತು. ಒಂದು ಕಾಲು ಹೋಯಿತು, ಅಷ್ಟೇ."

ಯಂತ್ರ ಭಕ್ತಿಯಿಂದ ತಲೆದೂಗಿತು. ಆಮೇಲೆ ಕುಂಟುತ್ತಾ ಮೂಲೆಯಲ್ಲಿದ್ದ ಪೊರಕೆಯ ಮುಂದೆ ಹೋಗಿ ಬೆನ್ನು ಬಗ್ಗಿಸಿತು.

"ತಾಯೀ, ನನಗೂ ದೀಕ್ಷೆ ಕೊಡು!"